ನಾಲ್ಕನೆಯ ನಿಯಮ

ತೀರ್ಥರೂಪ ಅಪ್ಪನವರಿಗೆ,

ಕ್ಷೇಮ ವಿಚಾರಿಸುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನೀವು ತೀರಿಕೊಂಡು ಆರು ವರ್ಷಗಳಾದವು. ಅಲ್ಲಿ ನಿಮಗೆ ಆ ಸಾಲಿನ ಅಗತ್ಯವಿರಲಾರದು. ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ಪುಣೆಯ ನಮ್ಮ ಕನ್ನಡ ಸಂಘದಲ್ಲಿ ನಿಮ್ಮ ಹೆಸರಿನ ಬಹುಮಾನವೊಂದಿದೆ. ನೆರೆಹೊರೆಗೆ ಉಪಕಾರವಾಗುವ ಕೆಲಸ ಮಾಡಿದ, ಇಪ್ಪತ್ತು ತುಂಬದ ಒಬ್ಬರಿಗೆ ವರ್ಷಕ್ಕೊಮ್ಮೆ ಕೊಡತಕ್ಕದ್ದು.

೨. ಅದನ್ನು ಇಟ್ಟವನು ನಾನು, ನಿಯಮಗಳನ್ನು ಬರೆದವನೂ ನಾನೇ. ನಾಲ್ಕನೆಯ ನಿಯಮ: ಮಾಡಿದ ಕೆಲಸಕ್ಕೆ ಲಿಖಿತ ಪುರಾವೆ ಬೇಕು.

೩. ಮಲ್ಲಮ್ಮ ಎಂಬ ಹದಿನಾರರ ಹುಡುಗಿ ಎರಡು ವರ್ಷಗಳಿಂದ ಭಾನುವಾರಗಳಂದು ಸಂಘದ ಪಡಸಾಲೆಯಲ್ಲಿ ಕುಳಿತು, ಓದುಬರಹ ಬಾರದ ಕೂಲಿಯವರಿಗೆ ಪತ್ರ ಬರೆದುಕೊಡುತ್ತಾಳೆ. ಊರಿನಿಂದ ಬಂದದ್ದನ್ನು ಓದಿ ಹೇಳುತ್ತಾಳೆ.

೪. ಬರೆದ ಕಾರ್ಡುಗಳೆಲ್ಲ ಟಪಾಲಿಗೆ ಬಿದ್ದಿವೆ. ಪುರಾವೆ ಇಲ್ಲ.

೫. ಕಳೆದ ಎರಡು ಭಾನುವಾರ ಅವಳ ಬಳಿ ಯಾರೂ ಬಂದಿಲ್ಲ. ಕಾರಣ ನಾನು.

ಅವಳನ್ನು ಮೊದಲು ಕಂಡದ್ದು ಸಂಘದ ನೀರಿನ ಪಂಪು ನೋಡಲು ಹೋಗಿದ್ದ ದಿನ. ಯಾದಗಿರಿ ಕಡೆಯ ಮುದುಕನೊಬ್ಬ ಎತ್ತು, ಸೊಸೆ, ಮಂಡಿನೋವು ಎಲ್ಲವನ್ನೂ ಒಟ್ಟಿಗೇ ಹೇಳುತ್ತಿದ್ದ. ಅವಳು ಅಷ್ಟನ್ನೂ ಒಂದು ಕಾರ್ಡಿಗೆ ಹಿಡಿಸಿ, ಬರೆದದ್ದನ್ನು ಅವನೊಬ್ಬನಿಗೇ ಕೇಳುವಂತೆ ಓದಿ, "ಇನ್ನೇನರ ಉಳದದ ಏನು ಮುತ್ಯಾ?" ಎಂದು ಕೇಳಿದಳು. ತಂದೆತಾಯಿ ಕಾತ್ರಜದಲ್ಲಿ ಕಟ್ಟಡದ ಕೂಲಿ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕನ್ನಡ ಕಲಿತು ಬಂದವಳು, ಇಲ್ಲಿ ಮರಾಠಿ ಶಾಲೆಗೆ ಹೋಗುತ್ತಾಳೆ. ನನಗೆ ಟಪಾಲು ಕಚೇರಿಯ ಕಿಟಕಿಯ ಹಿಂದೆ ಕುಳಿತು ಊರಿನವರಿಗೆ ಪತ್ರ ಬರೆದುಕೊಡುತ್ತಿದ್ದ ನೀವು ನೆನಪಾದಿರಿ. ಬಹುಮಾನ ಇವಳಿಗಲ್ಲದೆ ಇನ್ನಾರಿಗೆ?

ಸಮಿತಿಯಲ್ಲಿ ಅವಳ ಹೆಸರು ಹೇಳಿದ ಸಂಜೆ ನೆನಪಾದರೆ ಈಗಲೂ ತಲೆ ಬಿಸಿಯಾಗುತ್ತದೆ. ಕಾರ್ಯದರ್ಶಿ ದೇಸಾಯಿಯವರು ತಮ್ಮ ತಂಗಿಯ ಮಗನ ಕಡತವನ್ನು ಮೇಜಿನ ಮೇಲೆ ಇಟ್ಟರು. ಭಾಷಣ ಸ್ಪರ್ಧೆಗಳ ಪ್ರಮಾಣಪತ್ರಗಳು. ಒಂದೇ ಸಸಿ ನೆಡುವುದನ್ನು ಮೂರು ಕಡೆಯಿಂದ ತೆಗೆದ ಮೂರು ಛಾಯಾಚಿತ್ರಗಳು. "ಪತ್ರಾ ಬರಿಯೂದು ಸೇವಾ ಅಂದ್ರ, ನಾಳೆ ಚಹಾ ಕಾಸಿದವ್ರಿಗೂ ಶಾಲು ಹೊದಸೂಣೇನ್ರಿ?" ಎಂದರು. ಎಲ್ಲರೂ ನಕ್ಕರು. ಆಮೇಲೆ ಮೆಲ್ಲಗೆ, "ನಿಯಮಾ ನಿಮ್ದ ಅದ, ಇನಾಮದಾರ್ರ" ಎಂದರು. ಪುರಾವೆ ತರುತ್ತೇನೆ ಎಂದು ಎದ್ದು ಬಂದೆ.

ಮರು ಭಾನುವಾರ ಕೋಷ್ಟಕ ಹಾಕಿದ ಹಾಳೆ ಹಿಡಿದು ಹೋದೆ: ಹೆಸರು, ತಾರೀಖು, ಊರು, ವಿಷಯ. ಯಾರಿಗೆ ಏನು ಬರೆದೆ ಎಂದು ಮಲ್ಲಮ್ಮನನ್ನು ಕೇಳಿದೆ. "ಅವು ಅವರ ಮನಿ ಮಾತು ಸಾಹೇಬ್ರ. ನಾ ಹೆಂಗ ಹೇಳ್ಲಿ?" ಎಂದಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ಭೋಸರಿಯ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವನು ನಿಲ್ಲಿಸುತ್ತಾನೆಯೇ? ಸರದಿಯಲ್ಲಿದ್ದ ಸಾಬವ್ವ ಎಂಬಾಕೆಯ ಕೈಯಲ್ಲಿ ಊರಿನಿಂದ ಬಂದ ಕಾರ್ಡಿತ್ತು. ಸಾಹೇಬರು ಕೇಳಿದರೆಂದು ಕೊಟ್ಟಳು. ಓದಿದೆ, ಹಾಳೆಯಲ್ಲಿ ಬರೆದುಕೊಂಡೆ. ದಾಖಲಿಸಿದ್ದನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವುದು ನಮ್ಮ ವಿಭಾಗದ ಪದ್ಧತಿ. ಹಾಗೆಯೇ ಓದಿದೆ: ವಿಷಯ, ಗಂಡ ಊರಿನಲ್ಲಿ ಇನ್ನೊಂದು ಮದುವೆಯಾದದ್ದು. ಆ ಕಾರ್ಡನ್ನು ಆಕೆಗೆ ಅದುವರೆಗೆ ಯಾರೂ ಓದಿ ಹೇಳಿರಲಿಲ್ಲ. ಹಿಂದೆ ಇಡೀ ಸರದಿ ನಿಂತು ಕೇಳುತ್ತಿತ್ತು.

ನನಗೆ ಹತ್ತು ವರ್ಷವಿದ್ದಾಗ, ನಿಮ್ಮ ಟಪಾಲು ಚೀಲದಲ್ಲಿ ಕಂಡ ಯಾರದೋ ಕಾರ್ಡಿನ ಸುದ್ದಿಯನ್ನು ಊಟದ ಹೊತ್ತಿಗೆ ಹೇಳಿದ್ದೆ. ನೀವು ಬೈಯಲಿಲ್ಲ. ಅರ್ಧ ಊಟಕ್ಕೇ ಎದ್ದು ಕೈ ತೊಳೆದು ಬಂದು, "ಕಾರ್ಡಿಗೆ ಲಕೋಟಿ ಇರೂದಿಲ್ಲ. ಓದಿದಾಂವನ ಲಕೋಟಿ ಆಗಬೇಕು" ಎಂದಿರಿ. ಅಷ್ಟೇ. ಅಷ್ಟೊಂದು ವರ್ಷ ಊರಿನವರ ಪತ್ರ ಬರೆದಿರಿ. ಮನೆಯಲ್ಲಿ ಅದರ ಒಂದು ಚೂರೂ ಇಲ್ಲ. ನಾಲ್ಕನೆಯ ನಿಯಮದ ಪ್ರಕಾರ ನಿಮ್ಮ ಹೆಸರಿನ ಬಹುಮಾನಕ್ಕೆ ನೀವೇ ಅನರ್ಹರು. ಇದು ನನಗೆ ನಿಯಮ ಬರೆಯುವಾಗ ಹೊಳೆಯಬಾರದಿತ್ತೇ? ನೀವಾದರೂ ಇನ್ನೊಂದು ಸಲ ಹೇಳಿದ್ದರೆ...

ಮೊನ್ನೆಯ ಭಾನುವಾರ ಖಾಲಿ ಪಡಸಾಲೆಯಲ್ಲಿ ಮಲ್ಲಮ್ಮ ಬರೆಯದ ಕಾರ್ಡುಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಏನೇ ಆಗಲಿ, ಬಹುಮಾನ ನಿನಗೇ ಕೊಡಿಸುತ್ತೇನೆ ಎಂದೆ. ಆ ಗಳಿಗೆಯಲ್ಲಿ ನನಗೆ ತೋಚಿದ್ದು ಅದೊಂದೇ, ನೋಡಿ.

"ಕೊಡ್ರಿ, ಬಿಡ್ರಿ. ಸಾಬವ್ವಗ ಇನ್ನ ಪತ್ರ ಯಾರು ಬರೀತಾರ್ರಿ?"

ಕಾರ್ಡುಗಳನ್ನು ಜೋಡಿಸಿಟ್ಟು ಅವಳೇ ಹೇಳಿದಳು: "ಶಾಲು ತಗೊಂಡು ಏನ್ ಮಾಡ್ಲಿ ಸಾಹೇಬ್ರ. ಮಂದಿ ಕೂಡಾಕ ಒಂದು ಉದ್ದನ ಬಾಕು ಕೊಡಸ್ರಿ. ಅಕಾ ನೋಡ್ರಿ, ಆ ಗೇಟಿನ ಕಡೆ ಹಾಕಸ್ರಿ. ಕಾಯಾವ್ರು ಅಲ್ಲಿ ಕೂತ್ರ, ಬರಸಾವ್ರ ಮಾತು ಅವರ ಕಿವಿಗೆ ಬೀಳೂದಿಲ್ಲ." ಎರಡು ವರ್ಷ ಆ ಪಡಸಾಲೆಯ ಮೂಲಕ ಓಡಾಡಿದ ನಾನು, ದೇಸಾಯಿಯವರು, ಉಳಿದ ಪದವೀಧರರು: ನಮ್ಮಲ್ಲಿ ಒಬ್ಬನಿಗಾದರೂ ಇದು ತೋಚಿತೇ?

ಈ ದಿನ ಮುಂಜಾನೆ ಕಾತ್ರಜದಲ್ಲಿ ಸಾಬವ್ವ ಕೂಲಿ ಮಾಡುವ ಕಟ್ಟಡಕ್ಕೆ ಹೋಗಿ ಆಕೆಯ ಕ್ಷಮೆ ಕೇಳಿದೆ. ಇಟ್ಟಿಗೆಯ ಬುಟ್ಟಿಯನ್ನು ತಲೆಗೇರಿಸುತ್ತಲೇ ಆಕೆ, "ಎಂದಾದ್ರೂ ತಿಳಿಯೂದ ಇತ್ರಿ. ಮಂದ್ಯಾಗ ತಿಳೀಬಾರದಿತ್ತು" ಎಂದಳು. ಕ್ಷಮಿಸಿದಳೋ ಇಲ್ಲವೋ ಹೇಳಲಾರೆ. ಹುಡುಗಿಯದು ತಪ್ಪಿಲ್ಲ ಎಂದು ಮಾತ್ರ, ನಾನು ಕೇಳದೆಯೇ, ಎರಡು ಸಲ ಹೇಳಿದಳು.

ನಾನು ನಿರ್ಧರಿಸಿದ್ದು ಇಷ್ಟು. ಕೋಷ್ಟಕದ ಹಾಳೆಯನ್ನು ಸುಟ್ಟಿದ್ದೇನೆ. ನಾಲ್ಕನೆಯ ನಿಯಮವನ್ನು ತೆಗೆದುಹಾಕಿ, ಮಲ್ಲಮ್ಮನ ಹೆಸರನ್ನು ಬರೆದು ಸಮಿತಿಗೆ ಕಳಿಸಿದ್ದೇನೆ. ಅವರು ಒಪ್ಪದಿದ್ದರೆ ನಿಮ್ಮ ಹೆಸರು ಆ ಸಂಘದಲ್ಲಿ ಇರುವುದಿಲ್ಲ. ಅವಳು ಕೇಳಿದ ಬಾಕು, ಕಾಯುವವರ ಬೆಂಚು, ಶನಿವಾರ ಬರುತ್ತದೆ, ಗೇಟಿನ ಬಳಿ ಹಾಕಿಸುತ್ತೇನೆ. ಭಾನುವಾರಗಳಂದು ನಾನು ಆ ಕಡೆ ಹೋಗುವುದಿಲ್ಲ.