ಕೆಂಪು ವಸ್ತ್ರದ ಗಂಟು

ಅಗ್ರಹಾರ, ಮೈಸೂರು
೧೭ ನವೆಂಬರ್ ೧೯೫೮

ನಾಗಮಣಿಗೆ ಅಜ್ಜಿಯ ಆಶೀರ್ವಾದ, ಅದಕ್ಕೆ ನೀನು ಯೋಗ್ಯಳಲ್ಲದಿದ್ದರೂ.

ಮೊದಲು ಆ ಮೂತಿ ಇಳಿಸು. ಜಯಲಕ್ಷ್ಮಿಪುರಂನಲ್ಲಿ ಸೋದರತ್ತೆಯ ಮನೆಯ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಓದುತ್ತಿದ್ದೀಯ ಅಂತ ಗೊತ್ತು. ಕಾಲು ಕೆಳಗಿಟ್ಟು ಓದು. ಹದಿನೇಳು ವರ್ಷ ಸಾಕಿದವಳಿಗೆ ಒಂದು ಮಾತೂ ಹೇಳದೆ ಟ್ರಂಕು ಎತ್ತಿಕೊಂಡು ಹೋದೆಯಲ್ಲ, ಯಾವ ಗಣಿತದಲ್ಲಿ ಕಲಿಸಿದರೇ ಅದನ್ನು?

ನಿನ್ನ ಆ ಸೋದರತ್ತೆ ಸರೋಜ ನಿನ್ನೆ ಇಲ್ಲಿಗೆ ಬಂದಿದ್ದಳು. "ಅಮ್ಮ, ನೀನು ಪುಸ್ತಕಾನೆಲ್ಲ ಕಟ್ಟಿಟ್ಟಿದ್ದಕ್ಕೇ ಅವಳು ಫೇಲಾದಳಂತೆ" ಅಂದಳು. ಊರಿಗೆಲ್ಲ ಇದನ್ನೇ ಸಾರುತ್ತಿದ್ದೀಯಾ? ಪ್ರತಿ ದಸರಾದಲ್ಲೂ ಈ ಮನೆಯ ಪುಸ್ತಕಗಳು ಕೆಂಪು ವಸ್ತ್ರದಲ್ಲಿ ಸರಸ್ವತಿಯ ಮುಂದೆ ಕೂರುತ್ತವೆ. ವಿಸರ್ಜನೆಯಾಗುವ ತನಕ ಒಂದಕ್ಷರ ಓದುವಂತಿಲ್ಲ. ಉತ್ತರದೇಶದ ಯೂನಿವರ್ಸಿಟಿಯವರು ವಿಜಯದಶಮಿಯ ಮರುದಿನವೇ ಇಲ್ಲಿ ಮೈಸೂರಿನಲ್ಲಿ ಗಣಿತದ ಪ್ರವೇಶ ಪರೀಕ್ಷೆ ಇಟ್ಟರೆ ದೇವಿ ಏನು ಮಾಡಿಯಾಳು?

ನವಮಿಯ ಮಧ್ಯಾಹ್ನ ಬೊಂಬೆಗಳ ಮುಂದೆ ನನ್ನ ಕಾಲು ಹಿಡಿದೆ. "ಒಂದೇ ಒಂದು ನೋಟ್‌ಬುಕ್ ಕೊಡು, ನಾನೇ ಬರೆದಿದ್ದು ಕಣಜ್ಜಿ" ಅಂತ ಮೂಗು ಸುರಿಸಿದೆ. ನಾನು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಲೇ ಇದ್ದೆ. ದಶಮಿಯ ಸಂಜೆಗೆ ಮುಂಚೆ ಗಂಟು ಬಿಚ್ಚುವುದಿಲ್ಲ ಅಂದೆ. ವರ್ಷವೆಲ್ಲ ಓದಿದ್ದು ಮೂರು ದಿನದಲ್ಲಿ ಸೋರಿಹೋದರೆ ಅದು ತಲೆಯಲ್ಲ, ಜರಡಿ.

ನಾನು ಹಳ್ಳಿ ಶಾಲೆಯಲ್ಲಿ ಮೂರನೇ ತರಗತಿಯಲ್ಲಿದ್ದೆ. ಹದಿನಾರರ ಮಗ್ಗಿ ತಪ್ಪದೆ ಹೇಳುತ್ತಿದ್ದೆ. ಮನೆಯವರು ಸ್ಲೇಟು ಕಿತ್ತುಕೊಂಡು ಕೈಗೆ ಮೊರ ಕೊಟ್ಟರು. ನಾನು ಯಾರ ಮನೆಗೂ ಓಡಿಹೋಗಲಿಲ್ಲ.

ಜನವರಿಯಲ್ಲಿ ಮತ್ತೊಂದು ಸಲ ಪರೀಕ್ಷೆಯಂತೆ. ಅರ್ಜಿಗೆ ಪೋಷಕರ ರುಜು ಬೇಕಂತೆ. ತಂದೆತಾಯಿ ಇಲ್ಲದ ನಿನಗೆ ನಾನೇ ಹಾಕಬೇಕು. ಸರೋಜ ಬಿಟ್ಟುಹೋದ ಅರ್ಜಿ ಸಾಸಿವೆ ಡಬ್ಬಿಯ ಕೆಳಗಿದೆ. "ಫೇಲಾಗಿದ್ದು ನನ್ನ ದಡ್ಡತನದಿಂದ, ಅಜ್ಜಿಯ ತಪ್ಪೇನೂ ಇಲ್ಲ" ಅಂತ ನಿನ್ನ ಕೈಯಾರೆ ಬರೆದು ಕಳಿಸು. ಅದನ್ನು ಸರೋಜನಿಗೆ ಓದಿ ಹೇಳಿದ ಮೇಲೆ ರುಜು.

ನಿನ್ನ ಅಜ್ಜಿ,
ಅಂಬುಜಮ್ಮ

ಮರೆತಿದ್ದೆ: ಸರಸ್ವತಿಯ ವಿಸರ್ಜನೆ ಶ್ರವಣ ನಕ್ಷತ್ರದಲ್ಲಿ; ಈ ಸಲ ಅದು ನವಮಿಯ ಬೆಳಿಗ್ಗೆಯೇ ಬಂದಿತ್ತು. ಆಗಲೇ ವಿಸರ್ಜನೆ ಮಾಡಿ ಪುಸ್ತಕ ಎತ್ತಬಹುದಿತ್ತು. ನೀನು ಕಾಲು ಹಿಡಿಯುವ ಹೊತ್ತಿಗೆ ನನಗದು ಗೊತ್ತಿತ್ತು. ಪಂಚಾಂಗ ನಿನ್ನ ತಲೆಯ ಮೇಲೇ ಮೊಳೆಗೆ ನೇತಾಡುತ್ತಿತ್ತು. ಅಷ್ಟು ದೊಡ್ಡ ಲೆಕ್ಕ ಮಾಡುವವಳಿಗೆ ತೆರೆದು ನೋಡಬೇಕೆಂದು ತೋಚಲಿಲ್ಲ. ಯಾರಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಹೇಳಿದ್ದೇನೆ. ಸರೋಜನಿಗೆ ತೋರಿಸಿದರೆ ಅರ್ಜಿ ಒಲೆಗೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.