ಮೀಟರಿನಿಂದ ಅಳಿಸಿದ ಮೂವತ್ತಾರು ಮೈಲಿ

ಪುತ್ತೂರು
೧೭-೧೧-೧೯೬೩

ಮಗಳೇ ವಾಸಂತೀ,

ಅಮ್ಮನ ಆಶೀರ್ವಾದ ಸದಾ ನಿನ್ನ ಮೇಲಿರಲಿ. ಮೊದಲು ನಿನ್ನ ಕಿವಿಯ ಸುದ್ದಿ ಹೇಳು. ನಿನ್ನ ಗಂಡ ಹೊಡೆದ ಬದಿಯಲ್ಲಿ ಈಗಲಾದರೂ ಕೇಳಿಸುತ್ತದೆಯೇ? ಕುತ್ತಿಗೆಯ ಬಾವು ಇಳಿಯಿತೇ? ಏಲಿಯಮ್ಮ ಟೀಚರು ಶಾಲೆಯಲ್ಲಿ ನಿನ್ನ ಕಿವಿ ಹಿಂಡಿದ್ದಕ್ಕೆ ನಾನು ಅವರ ಮನೆವರೆಗೆ ಜಗಳಕ್ಕೆ ಹೋಗಿದ್ದೆ. ಈಗ ಅವರೇ ನೆಲ್ಯಾಡಿಯಲ್ಲಿ ನಿನ್ನನ್ನು ಇಟ್ಟುಕೊಂಡು ಅದೇ ಕಿವಿಯ ಆರೈಕೆ ಮಾಡುತ್ತಿದ್ದಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ನಾಚಿಕೆ ಬಿಟ್ಟು ಹೊಟ್ಟೆ ತುಂಬ ಉಣ್ಣು.

ಇಲ್ಲಿಯ ಸುದ್ದಿ ಓದಿದರೆ ನೀನು ಅಳುತ್ತೀ. ಆದರೂ ಬರೆಯುತ್ತೇನೆ, ಯಾಕೆಂದರೆ ನನಗೆ ಹೇಳಿಕೊಳ್ಳಲು ಬೇರೆ ಯಾರಿದ್ದಾರೆ? ನಿನ್ನ ಅಪ್ಪನ ಅಭ್ಯಾಸ ನಿನಗೆ ಗೊತ್ತಲ್ಲ. ಕಾರು ಊರಿಗೆ ತೋರಿಸಲಿಕ್ಕೆ, ತಾನು ಮಂಗಳೂರಿಗೆ ಹೋಗುವುದು ಬಸ್ಸಿನಲ್ಲಿ. ಹೋಗುವ ಮೊದಲು ಶೆಡ್ಡಿಗೆ ಹೋಗಿ ಮೀಟರಿನ ಮೈಲಿ ನೋಡಿ, ನಮಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದುವುದು. ಅವತ್ತೂ ಓದಿದರು, ಮೂವತ್ತೊಂದು ಸಾವಿರದ ಇನ್ನೂರ ಎಂಟು. ನಿನ್ನನ್ನು ಸುಳ್ಯಕ್ಕೆ, ಆ ಕಟುಕನ ಮನೆಗೇ ತಿರುಗಿ ಕಳಿಸಲು ವಕೀಲರನ್ನು ಕೇಳಿ ಬರುತ್ತೇನೆಂದು ಹೊರಟವರು. ಬಸ್ಸು ಹೋದ ಮೇಲೆ ನಾನು ನಿನ್ನನ್ನು ಕಾರು ಹತ್ತಿಸಿದೆ. ಡ್ರೈವರ್ ಕುಕ್ಕಪ್ಪ ನಿನ್ನನ್ನು ಬಿಟ್ಟು ಬಂದವನು ಶೆಡ್ಡಿನಲ್ಲಿ ಕಾರಿನಿಂದ ಇಳಿಯಲೇ ಇಲ್ಲ. "ಅಮ್ಮಾ, ಮೈಲು ಮೂವತ್ತಾರು ಏರಿದೆ. ಧನಿಗಳು ಬಂದು ನೋಡಿದ್ರೆ ನಾನು ಉಳಿಯುದಿಲ್ಲ" ಎಂದ. ಅವನಿಗೆ ತನ್ನ ಜೀವದ ಭಯ, ನನಗೆ ನಿನ್ನದು. ಮೂವತ್ತಾರರಲ್ಲಿ ಅರ್ಧ ಹದಿನೆಂಟು. ಈ ಕಡೆಯ ರಸ್ತೆ ಬಲ್ಲವನಿಗೆ ಅಷ್ಟೇ ಸಾಕು. ಸುಳ್ಯವಾದರೂ ಕಡಬವಾದರೂ ಅದಕ್ಕಿಂತ ಹೆಚ್ಚಾಗುತ್ತದೆ. ಹದಿನೆಂಟಕ್ಕೆ ಸಿಗುವುದು ನೆಲ್ಯಾಡಿಯೇ.

ಹಿತ್ತಲಿನ ಹಾರೆ ತಂದೆ. ಮೀಟರಿನ ಪೆಟ್ಟಿಗೆಗೆ ಬೀಸಿ ಹೊಡೆದೆ. ಗಾಜು ಸಿಡಿದು ಕೈಗೆ ಹೊಕ್ಕಿತು, ನಿಲ್ಲಿಸಲಿಲ್ಲ. ಪೆಟ್ರೋಲಿನ ಮುಳ್ಳು, ಬಿಸಿಯ ಮುಳ್ಳು ಎಲ್ಲ ಮುರಿದು ಬಿದ್ದವು, ಮೈಲಿಯ ಅಂಕೆಗಳ ಮೇಲೆ ತಗಡು ಮಡಚಿ ಕೂತಿತು. ನಿಜ ಹೇಳುತ್ತೇನೆ ಮಗಳೇ, ಹೊಡೆಯುತ್ತಾ ಹೋದ ಹಾಗೆ ನನಗೆ ಸಂತೋಷವಾಯಿತು. ಇಷ್ಟು ವರ್ಷ ತಿಂದ ಪೆಟ್ಟನ್ನೆಲ್ಲ ಆ ತಗಡಿಗೆ ತಿರುಗಿ ಕೊಟ್ಟೆ.

ನಿನ್ನ ಅಪ್ಪ ಬಂದು ನೋಡಿ, "ಎಂತ ಮಾಡಿದ್ದು ನೀನು, ಮರ್ಲು ಉಂಟಾ?" ಎಂದರು. ಮಗಳು ಬೆಳಿಗ್ಗೆ ಯಾವುದೋ ಬಸ್ಸು ಹತ್ತಿ ಹೋದಳು, ಆ ಸಿಟ್ಟಿಗೆ ಒಡೆದೆ ಎಂದೆ. ಕೊಡೆ ಮುರಿಯುವವರೆಗೆ ನನ್ನ ಬೆನ್ನಿಗೆ ಬಾರಿಸಿದರು. ಕಾರು ಕಾಯಲಿಲ್ಲವೆಂದು ಕುಕ್ಕಪ್ಪನ ಹೆಗಲಿಗೆ ಸ್ಟಾರ್ಟ್ ಮಾಡುವ ಹ್ಯಾಂಡಲಿನಿಂದಲೇ ಹೊಡೆದರು. ಪಾಪ, ಅಷ್ಟಾದರೂ ನಿನ್ನನ್ನು ಬಿಟ್ಟು ಬಂದದ್ದನ್ನು ಅವನು ಬಾಯಿಬಿಡಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಬೆನ್ನುನೋವಿನಲ್ಲೂ ನಗು ಬರುತ್ತದೆ. ವರ್ಕ್‌ಶಾಪಿನ ಸುಲೈಮಾನ್ ಬ್ಯಾರಿ ಬೇರೊಂದು ಹಳೆಯ ಕಾರಿನಿಂದ ಬಿಚ್ಚಿದ ಮೀಟರ್ ಪೆಟ್ಟಿಗೆ ತಂದ. ಅದರಲ್ಲಿ ಯಾವುದೋ ಕಾರಿನ ಮೈಲಿ ಇತ್ತು. ನಿನ್ನ ಅಪ್ಪ ಒಪ್ಪುತ್ತಾರೆಯೇ? "ನನ್ನ ಕಾರಿನ ಮೈಲೇ ಬೇಕು. ಮೂವತ್ತೊಂದು ಸಾವಿರದ ಇನ್ನೂರ ಎಂಟು. ಒಂದು ಮೈಲು ಆಚೆ ಈಚೆ ಆಗಬಾರದು" ಎಂದು ಎದುರಿಗೇ ನಿಂತರು. ಅವನು ಪೆಟ್ಟಿಗೆ ಬಿಡಿಸಿ ಅಂಕೆಯ ಚಕ್ರಗಳನ್ನು ಒಂದೊಂದಾಗಿ ತಿರುಗಿಸಿ ಅಷ್ಟೇ ಕೂರಿಸಿದ. ನೀನು ಹೋದ ದಾರಿಯನ್ನು ನಿನ್ನ ಅಪ್ಪನೇ ಎದುರು ನಿಂತು ಅಳಿಸಿಹಾಕಿದರು. ನಾನು ಬಾಗಿಲಿನ ಹಿಂದೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ.

ಇನ್ನು ನೀನು ನಿಶ್ಚಿಂತೆಯಿಂದ ಅಲ್ಲಿರು. ಟೀಚರು ಹೇಳಿದ ಹಾಗೆ ಓದಿ ಪರೀಕ್ಷೆಗೆ ಕಟ್ಟು. ಈ ಪತ್ರವನ್ನು ಕುಕ್ಕಪ್ಪ ಬಸ್ಸಿನಲ್ಲಿ ತರುತ್ತಾನೆ, ಅವನಿಗೆ ಊಟ ಹಾಕಿ ಕಳಿಸು. ದೇವರು ನಿನ್ನನ್ನು ಕಾಪಾಡಲಿ.

ನಿನ್ನ ಅಮ್ಮ,
ದೇವಕಿ

ತಾ. ಕ.: ಪತ್ರ ಮಡಚಿದ ಮೇಲೆ ಸುಲೈಮಾನ್ ಬಂದ. ಬಿಚ್ಚಿದ ಸಾಮಾನು ಕಾರಿನವರಿಗೇ ಹಿಂದೆ ಕೊಡುವುದು ಅವನ ಕ್ರಮವಂತೆ. ತಗಡು ನೆಟ್ಟಗೆ ಮಾಡಿ, ಒರೆಸಿ, ಹಳೆಯ ಮೀಟರನ್ನು ನಿನ್ನ ಅಪ್ಪನ ಕೈಗೆ ಕೊಟ್ಟುಹೋದ. ಅವರು ಮೂವತ್ತಾರು ಹೆಚ್ಚಿದ್ದ ಅಂಕೆ ನೋಡಿದರು, ನನ್ನನ್ನು ನೋಡಿದರು, "ನೆಲ್ಯಾಡಿ, ಆ ಟೀಚರ ಮನೆ" ಎಂದರು. ನಾಗರಬೆತ್ತ ಹಿಡಿದು ಕಾರು ಹತ್ತಲು ಕಾಲೆತ್ತಿದಾಗ ಹಾರೆಯಿಂದ ಮೊಣಕಾಲಿಗೆ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿತು. ಶೆಡ್ಡಿನಲ್ಲಿ ಬಿದ್ದು ನೀನಿರುವ ಊರಿನ ಹೆಸರನ್ನೇ ಕೂಗುತ್ತಿದ್ದಾರೆ, ಜನ ಸೇರುತ್ತಿದ್ದಾರೆ, ಸಂಜೆಯೊಳಗೆ ನಿನ್ನ ಗಂಡನಿಗೂ ಮುಟ್ಟುತ್ತದೆ. ಇದು ಕೈಸೇರಿದ ಕೂಡಲೇ ಅಲ್ಲಿಂದ ಹೊರಡು. ಎಲ್ಲಿಗೆಂದು ಈ ಸಲ ನನಗೂ ತಿಳಿಸಬೇಡ. ಹೊಡೆತಕ್ಕೆ ನಾನು ಬಾಯಿ ಬಿಡುವವಳಲ್ಲ. ಆದರೆ ನಿನ್ನನ್ನು ನೋಡುವ ಆಸೆ ತಡೆಯಲಾರದೆ ಒಂದು ದಿನ ಹೊರಟುಬಿಟ್ಟೇನು, ಅವರು ನನ್ನ ಹಿಂದೆಯೇ ಬರುತ್ತಾರೆ.