ಇಬ್ಬರೂ ಬಂದು ಸಹಿ ಹಾಕಬೇಕಂತೆ

ಫರ್ಮಿನ್,

ಬೀನ್ಸ್ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ತಣ್ಣಗಿರುವುದನ್ನೇ ನಿಂತುಕೊಂಡು ನುಂಗಿ ಮಲಗಿಬಿಡಬೇಡ.

ಸಾಲ ಮಂಜೂರಾಯಿತು! ಟ್ರೇಲರ್ ಗಾಡಿಯ ಮನೆಯಲ್ಲಿ ಇರುವವರೆಂದು ಬ್ಯಾಂಕಿನವರು ಮುಖ ತಿರುಗಿಸಿದ ಮೇಲೆ ಕೌಂಟಿಯ ವಸತಿ ಕಚೇರಿಗೆ ಅರ್ಜಿ ಹಾಕಿದ್ದೆವಲ್ಲ, ಅದೇ. ಮುಂಗಡ ಕಟ್ಟಬೇಕಾಗಿಲ್ಲ. ಬದಲಿಗೆ ಸಾಲ ಸಿಕ್ಕಿರುವ ಆರು ಸಂಸಾರದವರೂ ಸೇರಿ ಆರು ಮನೆಗಳನ್ನು ನಾವೇ ಕಟ್ಟಬೇಕು. ಕೊನೆಯ ಮನೆ ಮುಗಿಯುವವರೆಗೆ ಯಾರೂ ಒಕ್ಕಲು ಹೋಗುವಂತಿಲ್ಲ.

ಆ ಆರು ಮನೆಯವರ ನಿನ್ನೆಯ ಸಭೆಗೂ ನಾನೊಬ್ಬಳೇ ಹೋಗಿದ್ದೆ. ಚೋಲೆ ಅಜ್ಜಿ ಎಲ್ಲರೆದುರು, “ಏನೇ ಒಟಿಲಿಯಾ, ನಿಂಗೆ ಗಂಡ ಅಂತ ಒಬ್ಬ ನಿಜವಾಗ್ಲೂ ಇದಾನಾ, ಇಲ್ಲಾ ಸುಮ್ನೆ ಹೇಳ್ಕೊಂಡು ತಿರುಗ್ತೀಯಾ?” ಅಂದಳು.

“ಇದಾನಜ್ಜಿ. ರಾತ್ರಿಯೆಲ್ಲಾ ಈರುಳ್ಳಿ ಮಂಡೀಲಿ ಮೂಟೆ ಹೊರ್ತಾನೆ. ಹಗಲು ಅವ್ನು ಮನೇಲಿದ್ರೆ ನಾನಿರಲ್ಲ” ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದರೆ ನೀನು ಆಗಷ್ಟೇ ಹೊರಟುಹೋಗಿದ್ದೆ. ಹಾಸಿಗೆಯಲ್ಲಿ ನಿನ್ನ ಕಡೆ ಇನ್ನೂ ಬೆಚ್ಚಗಿತ್ತು. ಅಲ್ಲೇ ಮಲಗಿಕೊಂಡೆ.

ನಾಳೆ ಬೆಳಿಗ್ಗೆ ಸಹಿ. ಗಂಡ ಹೆಂಡತಿ ಇಬ್ಬರೂ ಬರಲೇಬೇಕಂತೆ. ನಿದ್ದೆ ಕೆಟ್ಟರೂ ಮಂಡಿಯಿಂದ ನೇರ ವಸತಿ ಕಚೇರಿಗೇ ಬಾ. ನಾನು ಶಾಲೆಯ ಅಡುಗೆಮನೆಗೆ ರಜೆ ಹೇಳಿದ್ದೇನೆ. ನೀಲಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ, ಕೆಲಸಕ್ಕೆ ಹೊರಡುವಾಗ ಜೊತೆಗಿಟ್ಟುಕೋ.

ಕಾಗದಗಳನ್ನೆಲ್ಲ ಓದಿ ವಿವರಿಸಲು ಒಂದು ಗಂಟೆ ಹಿಡಿಯುತ್ತದಂತೆ. “ಅವಸರ ಇದ್ರೆ ಹೇಳಿ, ಬೇಗ ಮುಗಿಸ್ಬಿಡ್ತೀನಿ” ಅಂದಳು ಆ ಕಚೇರಿಯಾಕೆ.

ಬೇಡಮ್ಮ, ಒಂದಕ್ಷರ ಬಿಡದೆ ನಿಧಾನವಾಗಿ ಓದಿ ಎಂದೆ. ಅಷ್ಟು ಹೊತ್ತಾದರೂ ನಿನ್ನ ಪಕ್ಕದಲ್ಲಿ ಕೂತಿರಬಹುದು.

ಒಟಿಲಿಯಾ